ಹಪ್ಪಳ ಹೇಳುವ ವ್ಯಾಪಾರದ ಪಾಠ

ಓದು ಮುಗಿಸಿದ ಮಗನೋ ಮಗಳೋ ‘ಸ್ವಂತ ಉದ್ಯೋಗ ಮಾಡುತ್ತೇನೆ’ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಬಂಡವಾಳದ್ದು. ಆದರೆ ಬಂಡವಾಳವಿದ್ದೂ ಬಾಗಿಲು ಹಾಕಿದ ಉದ್ಯಮಗಳು ಎಷ್ಟೋ ಇವೆ. ತಯಾರಿಸಿದ್ದನ್ನು ಕೊಳ್ಳುವವರು ಯಾರು? ಕೆಲಸಕ್ಕೆ ಬಂದವರು ಉಳಿಯುವಂತೆ ಮಾಡುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಉದ್ಯಮವೊಂದರ ಕಥೆ ಕಿರಾಣಿ ಅಂಗಡಿಯ ಹಪ್ಪಳದ ಪೊಟ್ಟಣದಲ್ಲೇ ಇದೆ.

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನ ಕಟ್ಟಡವೊಂದರ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಸೇರಿ ಹಪ್ಪಳ ಲಟ್ಟಿಸಿದರು. ಕೈಯಲ್ಲಿದ್ದುದು ಸಮಾಜಸೇವಕ ಛಗನ್‌ಲಾಲ್ ಪಾರೇಖ್ ಅವರಿಂದ ಪಡೆದ 80 ರೂಪಾಯಿ ಸಾಲ. ಮೊದಲ ದಿನ ತಯಾರಾದದ್ದು ನಾಲ್ಕೇ ಪೊಟ್ಟಣ. ಅವನ್ನು ಪರಿಚಿತ ವ್ಯಾಪಾರಿಯೊಬ್ಬರಿಗೆ ಮಾರಿದರು. ನಷ್ಟವಾದರೂ ಯಾರ ಬಳಿಯೂ ದೇಣಿಗೆ ಬೇಡಬಾರದೆಂದು ಆಗಲೇ ನಿಶ್ಚಯಿಸಿದ್ದರು. ಅದೇ ಇಂದಿನ ‘ಲಿಜ್ಜತ್’.

ಒಂದೇ ದರ್ಜೆ

ಆರಂಭದಲ್ಲಿ ಈ ಮಹಿಳೆಯರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಕಡಿಮೆ ದರ್ಜೆಯದನ್ನು ಅಗ್ಗಕ್ಕೆ ಮಾರುವ ಯೋಚನೆ. ಪಾರೇಖ್ ಅದನ್ನು ಬಿಡಿಸಿದರು. ಒಳ್ಳೆಯದನ್ನಷ್ಟೇ ಮಾಡಿ, ಲೆಕ್ಕವನ್ನು ಸರಿಯಾಗಿ ಬರೆದಿಡಿ ಎಂಬುದು ಅವರ ಸಲಹೆ. ಕಾರಣ ಸರಳ. ಕೊಂಡವರು ಕೊಟ್ಟ ಬೆಲೆಯನ್ನು ಬೇಗ ಮರೆಯುತ್ತಾರೆ, ಕೆಟ್ಟ ರುಚಿಯನ್ನು ಮರೆಯುವುದಿಲ್ಲ. ಆರಂಭದ ದಿನಗಳಲ್ಲಿ ಹೆಸರು ಹರಡಿದ್ದು ಬಾಯಿಂದ ಬಾಯಿಗೆ, ಜೊತೆಗೆ ಪ್ರಾದೇಶಿಕ ಪತ್ರಿಕೆಗಳ ಬರಹಗಳಿಂದ. 1962ರಲ್ಲಿ 5 ರೂಪಾಯಿ ಬಹುಮಾನದ ಸ್ಪರ್ಧೆ ನಡೆಸಿ ‘ಲಿಜ್ಜತ್’ ಎಂಬ ಹೆಸರನ್ನು ಆರಿಸಿದರು. ಗುಜರಾತಿಯಲ್ಲಿ ಹಾಗೆಂದರೆ ರುಚಿ. ನೆನಪಿನಲ್ಲುಳಿಯುವ ಚಿಕ್ಕ ಹೆಸರು!

ಮೊದಲ ವರ್ಷದ ಮಳೆಗಾಲದಲ್ಲಿ ನಾಲ್ಕು ತಿಂಗಳು ಕೆಲಸ ನಿಂತಿತು. ತೇವ ತುಂಬಿದ ಗಾಳಿಯಲ್ಲಿ ನೀರಿನಂಶ ಬೇಗ ಆವಿಯಾಗದು. ಹಪ್ಪಳ ಒಣಗದು, ಬೂಷ್ಟು ಹಿಡಿಯುವ ಭಯ ಬೇರೆ. ಮರುವರ್ಷ ಅವರು ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ ಎಂಬ ಶಾಲೆಯ ಪಾಠವೇ ಇಲ್ಲಿ ಕೆಲಸಕ್ಕೆ ಬಂತು. ಗಿರಾಕಿಗೆ ವರ್ಷವಿಡೀ ಮಾಲು ಸಿಗುವಂತಾಯಿತು.

ಕೂಲಿಯವರಲ್ಲ, ಒಡತಿಯರು

ಇಲ್ಲಿ ದುಡಿಯುವವರೆಲ್ಲ ‘ಬೆನ್’, ಅಂದರೆ ಸಹೋದರಿಯರು. ಪ್ರತಿಯೊಬ್ಬರೂ ಸಂಸ್ಥೆಯ ಒಡತಿ. ಲಾಭದಲ್ಲಿ ಪಾಲಿರುವಂತೆ ನಷ್ಟದಲ್ಲೂ ಪಾಲು. ಹಿಟ್ಟು ಕಲಸುವುದು ಶಾಖೆಯಲ್ಲಿ. ಸದಸ್ಯೆಯರು ಅದನ್ನು ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ, ಮರುದಿನ ತಂದೊಪ್ಪಿಸುತ್ತಾರೆ. ಅಲ್ಲಿ ಪರೀಕ್ಷೆ ನಡೆಯುತ್ತದೆ, ಮಾಡಿದಷ್ಟಕ್ಕೆ ಹಣ ಸಿಗುತ್ತದೆ. ಮನೆಯಲ್ಲಿ ಶುಚಿಯಾದ ಜಾಗವಿಲ್ಲದವರನ್ನು ಹೊರಗಿಡುವುದಿಲ್ಲ. ಹಿಟ್ಟು ಕಲಸುವ, ಪೊಟ್ಟಣ ಕಟ್ಟುವ ಕೆಲಸ ಕೊಡುತ್ತಾರೆ. ನಂಬಿಕೆಯೂ ಉಂಟು, ತಪಾಸಣೆಯೂ ಉಂಟು. ತನ್ನದೇ ಹೆಸರಿನ ವಸ್ತುವನ್ನು ಕೆಡಿಸಲು ಯಾವ ಒಡತಿ ಒಪ್ಪುತ್ತಾಳೆ?

ಇಬ್ಬರು ಮೂವರು ಕೆಲಸಗಾರರ ಬೇಕರಿಯಲ್ಲೋ ಹೊಲಿಗೆ ಅಂಗಡಿಯಲ್ಲೋ ಎಲ್ಲರನ್ನೂ ಪಾಲುದಾರರನ್ನಾಗಿ ಮಾಡಲು ಆಗದಿರಬಹುದು. ಆದರೆ ಕೆಲಸ, ವೇಳೆ, ಸಂಬಳ, ರಜೆಗಳನ್ನು ಮೊದಲೇ ಬರೆದು ಕೊಡುವುದು, ಹೇಳಿದ ದಿನವೇ ಸಂಬಳ ಕೊಡುವುದು, ಹೊಸಬರಿಗೆ ಬೈಯುವ ಬದಲು ಕಲಿಸುವುದು, ಲಾಭ ಬಂದಾಗ ಒಂದಿಷ್ಟು ಹಂಚುವುದು ಯಾರಿಗೂ ಸಾಧ್ಯ. ‘ಕಡಿಮೆ ಕೊಟ್ಟರೆ ಸಾಕು’ ಎಂದು ಮಕ್ಕಳನ್ನು ದುಡಿಮೆಗೆ ಹಚ್ಚುವುದಂತೂ ಸಲ್ಲದು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ.

ಮೊದಲ ವರ್ಷ ಲಿಜ್ಜತ್‌ನ ಮಾರಾಟ 6,196 ರೂಪಾಯಿ. ಇಂದು ಅಲ್ಲಿ 40 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದಾರೆ. ಮೊದಲ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಹನಿಗೂಡಿದರೆ ಹಳ್ಳ ಎಂಬುದು ನಿಜ. ಆದರೆ ಒಂದೊಂದು ಹನಿಯೂ ಶುದ್ಧವಾಗಿರಬೇಕು. ಸ್ವಂತ ಉದ್ಯೋಗದ ಕನಸು ಕಾಣುವ ಮಕ್ಕಳಿಗೆ ತಂದೆತಾಯಿಗಳು ಹಣಕ್ಕಿಂತ ಮೊದಲು ಕೊಡಬಹುದಾದ ಬಂಡವಾಳ ಈ ತಿಳಿವಳಿಕೆಯೇ.