ಬಸ್ಸಾರಿನ ಮನೆಯಲ್ಲಿ ಕಿಡ್ನಿ ಪಥ್ಯ

ಕಿಡ್ನಿ ಕಾಯಿಲೆ ಇದೆ ಎಂದು ಗೊತ್ತಾದ ದಿನ ಪಟ್ಟಣದ ಆಸ್ಪತ್ರೆಗಳಲ್ಲಿ ಒಂದು ಊಟದ ಚೀಟಿ ಕೊಟ್ಟು ಕಳಿಸುವುದುಂಟು. ಬೆಳಿಗ್ಗೆ ಓಟ್ಸ್ ಇಲ್ಲವೇ ಬ್ರೆಡ್ಡು, ಮಧ್ಯಾಹ್ನ ಎರಡು ಚಪಾತಿ, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಚಪಾತಿ. ಆ ಚೀಟಿ ಕೊಳ್ಳೇಗಾಲ, ಕಾಮಗೆರೆ, ಹನೂರು ದಾಟಿ ಕೌದಳ್ಳಿಯ ಒಂದು ಮನೆಗೆ ಬಂದು ಸೇರುತ್ತದೆ. ಅಲ್ಲಿರುವುದು ರಾಗಿಹಿಟ್ಟು, ಹುರುಳಿ, ಅವರೆ, ಹೊಲದ ಬದುವಿನಲ್ಲಿ ಕಿತ್ತು ತಂದ ಬೆರಕೆ ಸೊಪ್ಪು, ಸೊಸೈಟಿ ಅಕ್ಕಿ. ಇವುಗಳಲ್ಲಿ ಎಷ್ಟು ತಿನ್ನಬಹುದು, ಯಾವುದನ್ನು ಹೇಗೆ ಬೇಯಿಸಬೇಕು ಎಂಬುದು ಚೀಟಿಯಲ್ಲಿಲ್ಲ. ಒಂದೆರಡು ವಾರ ಮಗನೋ ಸೊಸೆಯೋ ಹನೂರಿನಿಂದ ಬ್ರೆಡ್ಡು ತಂದುಕೊಡುತ್ತಾರೆ. ಆಮೇಲೆ ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ರೋಗಿ ಹಳೆಯ ತಟ್ಟೆಗೆ ಮರಳುತ್ತಾರೆ.

ಹಳ್ಳಿಯವರಿಗೆ ಪಥ್ಯ ಮಾಡಲು ಬರುವುದಿಲ್ಲ ಎಂದು ಇದನ್ನು ನೋಡಿ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಥ್ಯ ಈ ಸೀಮೆಗೆ ಚೆನ್ನಾಗಿ ಗೊತ್ತು. ಕಾಮಾಲೆಗೆ ನಾಟಿ ಔಷಧಿ ಕುಡಿದವರು ಎಣ್ಣೆ, ಬಾಡು, ಹುಳಿ ಬಿಟ್ಟು ದಿನ ಎಣಿಸಿದ್ದಾರೆ. ಬಾಣಂತಿಯರು ತಿಂಗಳುಗಟ್ಟಲೆ ಖಾರ, ಮೆಣಸು, ಬೆಳ್ಳುಳ್ಳಿಯ ಕಟ್ಟುನಿಟ್ಟಿನಲ್ಲಿ ಇದ್ದಾರೆ. ಆದರೆ ಆ ಪಥ್ಯಗಳಿಗೆಲ್ಲ ಒಂದು ಕೊನೆಯ ದಿನ ಇತ್ತು. ಇಪ್ಪತ್ತೊಂದು ದಿನವೋ ಒಂದು ಮಂಡಲವೋ ಮುಗಿದ ಮೇಲೆ ಪಥ್ಯ ಬಿಡಿಸಿ, ಮನೆಮಂದಿಯೆಲ್ಲ ಕೂತು ಉಣ್ಣುತ್ತಿದ್ದರು. ಸಕ್ಕರೆ ಕಾಯಿಲೆಯ, ಬೀಪಿಯ, ಕಿಡ್ನಿಯ ಪಥ್ಯಕ್ಕೆ ಆ ದಿನ ಬರುವುದೇ ಇಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ನಲವತ್ತೆಂಟು ದಿನ ಬ್ರೆಡ್ಡು ತಿನ್ನಬಹುದು, ಸಾಯುವ ತನಕ ತಿನ್ನಲಾಗದು. ಕೊನೆಯಿಲ್ಲದ ಪಥ್ಯ ನಡೆಯಬೇಕಾದರೆ ಅದು ಆ ಮನೆಯ ಒಲೆಯ ಮೇಲೆ, ಆ ಮನೆಯ ಪಾತ್ರೆಯಲ್ಲೇ ಬೇಯಬೇಕು.

ಮೊದಲು ಕಿಡ್ನಿ ಪಥ್ಯದ ಲೆಕ್ಕ ಏನೆಂದು ನೋಡೋಣ. ಸೋಸುವ ಕೆಲಸ ಕುಂದಿದಂತೆ ನಾಲ್ಕು ಪದಾರ್ಥಗಳು ಮೈಯಲ್ಲಿ ಉಳಿಯತೊಡಗುತ್ತವೆ: ಉಪ್ಪಿನ ಸೋಡಿಯಂ; ಸೊಪ್ಪು, ಕಾಳು, ಹಣ್ಣುಗಳ ಪೊಟ್ಯಾಸಿಯಂ; ರಂಜಕ (ಫಾಸ್ಫರಸ್); ಮತ್ತು ನೀರು. ಇವುಗಳಲ್ಲಿ ಪೊಟ್ಯಾಸಿಯಂ ದಿಢೀರನೆ ಕೊಲ್ಲಬಲ್ಲದು, ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 440 ಮಿಲಿಗ್ರಾಂ ಪೊಟ್ಯಾಸಿಯಂ, 210 ಮಿಲಿಗ್ರಾಂ ರಂಜಕ ಇದೆ. ಬಿಳಿ ಅಕ್ಕಿಯಲ್ಲಿ ಇವು ಸುಮಾರು 110 ಮತ್ತು 100. ಹುರುಳಿ, ತೊಗರಿಯಂಥ ಕಾಳುಗಳಲ್ಲಿ ಪೊಟ್ಯಾಸಿಯಂ ಸಾವಿರ ಮಿಲಿಗ್ರಾಂ ಮೀರುತ್ತದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ರಾಗಿಯ ಗುಣಗಾನ ಊರೂರಲ್ಲಿ ನಡೆದಾಗ, ಕಿಡ್ನಿ ಸೋತವರು ಮಾತ್ರ ಅದೇ ರಾಗಿಯನ್ನು ಅಳೆದು ಉಣ್ಣಬೇಕಾಗಿತ್ತು. 2013ರಿಂದ ಅನ್ನಭಾಗ್ಯದಲ್ಲಿ ಬರುತ್ತಿರುವ ಅಕ್ಕಿಯ ಬಗ್ಗೆ ನಮ್ಮ ಹಿರಿಯರಿಗೆ ಅಷ್ಟು ಗೌರವವಿಲ್ಲ, ಹಿಟ್ಟು, ಅಂದರೆ ರಾಗಿಮುದ್ದೆ, ಉಂಡರೇ ಊಟ ಎನ್ನುವ ಜನ. ಆದರೆ ಈ ಕಾಯಿಲೆಯಲ್ಲಿ ಆ ಅಕ್ಕಿಯೇ ಒಳ್ಳೆಯದು. ಹಾಗೆಂದು ಹಿಟ್ಟನ್ನು ಪೂರ್ತಿ ಕಿತ್ತುಕೊಳ್ಳಬೇಕಾಗಿಲ್ಲ. ರಾಗಿಯ ರಂಜಕದಲ್ಲಿ ಒಂದು ಪಾಲು ಮೈಗೆ ಸೇರುವುದೇ ಇಲ್ಲ. ಪ್ಯಾಕೆಟ್ ತಿಂಡಿಗಳಿಗೆ, ಕೋಲಾ ಬಾಟಲಿಗೆ ಬೆರೆಸುವ ರಂಜಕ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ರಕ್ತಪರೀಕ್ಷೆ ನೋಡಿ ವೈದ್ಯರು ಒಪ್ಪಿದರೆ ದಿನಕ್ಕೊಂದು ಸಣ್ಣ ಮುದ್ದೆಗೆ ಜಾಗ ಮಾಡಬಹುದು.

ಇನ್ನು ಸೊಪ್ಪು, ಕಾಳಿನ ವಿಷಯ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಲವಣ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ ಎಂದು ಜಗತ್ತಿನ ಎಲ್ಲ ಕಡೆಯ ಕಿಡ್ನಿ ಆಹಾರ ತಜ್ಞರು ಹೇಳುತ್ತಾರೆ. ಬರೀ ನೆನೆಸಿಟ್ಟರೆ ಹೋಗುವುದು ಸ್ವಲ್ಪ, ಕುದಿಸಿ ಬಸಿದರೆ ಹೆಚ್ಚು ಹೋಗುತ್ತದೆ. ಈ ಮಾತು ಕೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಸಂಕಟವಾಗುತ್ತದೆ. ಬಸಿದ ನೀರೇ ಇಲ್ಲಿ ಸಾರು. ಅಣ್ಣೆ, ಹೊನಗನ್ನೆ, ಗಣಿಕೆ, ಕೀರೆ ಎಲ್ಲ ಸೇರಿದ ಬೆರಕೆ ಸೊಪ್ಪನ್ನು ಅವರೆಯ ಜೊತೆಯೋ ತೊಗರಿಯ ಜೊತೆಯೋ ಬೇಯಿಸಿ, ಬಸಿದು, ಆ ಕಟ್ಟಿಗೆ ಉಪ್ಪು ಹಾಕಿ ಖಾರ ಬೆರೆಸಿಕೊಂಡರೆ ಉಪ್ಸಾರು, ಮಸಾಲೆ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟದ ಬುಡದವರೆಗೆ ವಾರದಲ್ಲಿ ಹೆಚ್ಚು ದಿನ ಹಿಟ್ಟಿನ ಪಕ್ಕದಲ್ಲಿ ಇರುವುದು ಇವೆರಡರಲ್ಲಿ ಒಂದು. ಕಿಡ್ನಿ ರೋಗಿ ಕುಡಿಯಬಾರದ್ದೆಲ್ಲ ಇಳಿದು ಬಂದಿರುವುದು ಆ ಕಟ್ಟಿನಲ್ಲೇ.

ನಮ್ಮ ದೊಡ್ಡವ್ವನಿಗೆ ಈ ಕಾಯಿಲೆ ಬಂದಾಗ ಮನೆಯವರು ಅವರಿಗೆಂದು ಬೇರೆ ಪಾತ್ರೆ ಇಟ್ಟರು. ಒಂದು ಒಲೆಯಲ್ಲಿ ಮನೆಮಂದಿಯ ಬಸ್ಸಾರು, ಇನ್ನೊಂದರಲ್ಲಿ ದೊಡ್ಡವ್ವನ ಸಪ್ಪೆ ತರಕಾರಿ. 'ನನ್ನ ಆಗ್ಲೇ ಬ್ಯಾರೆ ಇಟ್ಬುಟ್ರಲ್ಲ ಕನಪ್ಪ' ಎಂದು ಅವರು ಅತ್ತದ್ದು ರುಚಿ ಹೋಯಿತೆಂದಲ್ಲ. ಆ ಮನೆಗೆ ದಾರಿ ತೋರಿಸಿದ್ದು ಸೊಸೆ. ಹೇಗಿದ್ದರೂ ಸೊಪ್ಪನ್ನು ಬಸಿಯುತ್ತೇವೆ, ಕಟ್ಟು ನಮಗಿರಲಿ, ಸೊಪ್ಪು ಅತ್ತೆಗಿರಲಿ ಎಂದಳು. ಬೇಯಿಸುವ ನೀರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದಳು. ನೀರು ಮೊದಲಿಗಿಂತ ಜಾಸ್ತಿ ಇಟ್ಟಳು. ಬಸಿದ ಮೇಲೆ ಅತ್ತೆಯ ಪಾಲನ್ನು ಚೆನ್ನಾಗಿ ಹಿಂಡಿ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು, ತೆಂಗಿನಕಾಯಿ ಮಾತ್ರ ಚಿಟಿಕೆಯಷ್ಟು. ಉಳಿದವರ ಬಸ್ಸಾರಿಗೆ ಉಪ್ಪು ಆಮೇಲೆ ಬಿತ್ತು. ಚೆಲ್ಲುವುದೂ ಇಲ್ಲ, ಎರಡನೇ ಒಲೆಯೂ ಇಲ್ಲ. ಪಟ್ಟಣದ ಚೀಟಿ ಬರೆಯುವವರಿಗೆ ಬಸ್ಸಾರು ಮಾಡುವ ಕ್ರಮ ಗೊತ್ತಿದ್ದಿದ್ದರೆ ಇದನ್ನು ಮೊದಲ ದಿನವೇ ಹೇಳಿ ಕಳಿಸಬಹುದಾಗಿತ್ತು. ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದವರಿಗಷ್ಟೇ ಈ ಮಾತು. ಕಿಡ್ನಿ ಕಾಯಿಲೆಯ ಎಲ್ಲರಿಗೂ, ಎಲ್ಲ ಹಂತದಲ್ಲೂ ಇದು ಬೇಕಾಗುವುದಿಲ್ಲ. ಬೇಕಾದವರು ಕೂಡ ಬಸಿದ ಸೊಪ್ಪನ್ನು ಅಳತೆಯಲ್ಲೇ ತಿನ್ನಬೇಕು. ಹೆಚ್ಚು ದಿನಗಳ ಪಲ್ಯಕ್ಕೆ ಸೋರೆ, ಹೀರೆ, ಪಡವಲ, ಸೀಮೆಬದನೆ, ಎಲೆಕೋಸು ಆಗುತ್ತವೆ.

ಉಪ್ಪಿನ ಮಟ್ಟಿಗೂ ಉಪ್ಸಾರಿನ ಮನೆಗೆ ಒಂದು ಅನುಕೂಲ ಇದೆ. ಖಾರವನ್ನು ಬೇರೆ ಅರೆದಿಟ್ಟು ಅವರವರ ತಟ್ಟೆಯಲ್ಲಿ ಅವರವರು ಬೆರೆಸಿಕೊಳ್ಳುವುದು ಇಲ್ಲಿಯ ರೂಢಿ. ಉಪ್ಪನ್ನೂ ಆ ಖಾರದ ಬಟ್ಟಲಿಗೇ ಬಿಟ್ಟರೆ, ಒಂದೇ ಪಾತ್ರೆಯಿಂದ ಬೀಪಿಯವರೂ ಮಕ್ಕಳೂ ಉಣ್ಣಬಹುದು. ರೋಗಿಗೆ ಉಪ್ಪಿಲ್ಲದೆ ಅರೆದ ಒಂದು ಉಂಡೆ ಖಾರ ಸಾಕು, ಮೆಣಸು, ಬೆಳ್ಳುಳ್ಳಿ ಜೋರಾಗಿದ್ದರೆ ಒಂದೆರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಟೀಚಮಚಕ್ಕಿಂತ ಕಡಿಮೆ ಉಪ್ಪು ಎನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಬಂದರೆ ಆ ಅಳತೆ ಒಂದೇ ಹೊತ್ತಿಗೆ ಮುಗಿಯುತ್ತದೆ.

ಇಲ್ಲಿ ಎರಡು ಅಪಾಯಗಳನ್ನು ಹೇಳದೆ ಮುಂದೆ ಹೋಗಲಾರೆ. ಇಂದುಪ್ಪು ಕಿಡ್ನಿಗೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ಅದೂ ಸೋಡಿಯಂ ಉಪ್ಪೇ. ಇನ್ನೊಂದು, ಅಂಗಡಿಗಳಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿರುತ್ತಾರೆ. ಬೀಪಿಗೆ ಅದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಶಿಫಾರಸು ಮಾಡಿತು, ಆದರೆ ಕಿಡ್ನಿ ಕಾಯಿಲೆಯವರನ್ನು ಆ ಶಿಫಾರಸಿನಿಂದ ಹೊರಗಿಟ್ಟಿತು. ಬೀಪಿ ಇರುವ ತಂದೆಗೆಂದು ಮಗ ಪ್ರೀತಿಯಿಂದ ತಂದ ಆ ಪ್ಯಾಕೆಟ್ಟು, ತಂದೆಯ ಕಿಡ್ನಿ ಸೋತಿದ್ದರೆ ವಿಷವಾಗಬಹುದು.

ಡಯಾಲಿಸಿಸ್ ಶುರುವಾದ ಮೇಲೆ ನೀರಿನ ಕಷ್ಟ. ದಿನದ ಮೂತ್ರದ ಅಳತೆಗೆ ಅರ್ಧ ಲೀಟರು ಸೇರಿಸಿ ಅಷ್ಟೇ ಕುಡಿಯಿರಿ ಎನ್ನುತ್ತಾರೆ. ಮೂತ್ರ ನಿಂತೇಹೋದವರಿಗೆ ಇಡೀ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರು. ಅದರಲ್ಲಿ ಕಾಫಿ, ಮಜ್ಜಿಗೆ, ಅಂಬಲಿ, ಸಾರು ಎಲ್ಲ ಬಂತು. ಮುದ್ದೆ ಉಣ್ಣುವವರಿಗೆ ಇದು ಚಪಾತಿ ತಿನ್ನುವವರಿಗಿಂತ ಕಠಿಣ. ಹಿಟ್ಟನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಸಾರು ಕಡಿಮೆಯಾದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಆದ್ದರಿಂದ ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕಿಂತ ಒಂದಿಷ್ಟೇ ದೊಡ್ಡದಾಗಿ ಮೆತ್ತಗಿರಬೇಕು, ಸಾರಿನ ಬದಲು ಗಟ್ಟಿ ಗೊಜ್ಜು ಇರಬೇಕು, ಉಳಿದ ಹೊಟ್ಟೆಗೆ ಅನ್ನ. ಬೇಸಿಗೆಯಲ್ಲಿ ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳಬಹುದು, ಒಂದು ಚೂರು ಐಸು ಚೀಪಬಹುದು. ದಾಹ ಹೆಚ್ಚಿಸುವುದು ಉಪ್ಪು. ಉಪ್ಪು ಇಳಿಸದೆ ನೀರು ಬಿಡಿ ಎನ್ನುವುದು ರೋಗಿಯನ್ನು ಹಿಂಸಿಸಿದಂತೆ.

ಅದೇ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ ಪಥ್ಯವೂ ಇದೆ. ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ, ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಕಾಣುವ ಕುಡಗೋಲು ಕಣ ರಕ್ತಹೀನತೆಯ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ಆ ಕಾಯಿಲೆಯವರಿಗೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತಕಣ ಬಾಗಿ ಸಿಕ್ಕಿಕೊಂಡು ತಡೆಯಲಾರದ ನೋವು ಬರುತ್ತದೆ, ಹಾಗಾಗಿ ಅವರು ಕುಡಿಯುತ್ತಲೇ ಇರಬೇಕು. ಒಂದು ಮನೆಯಲ್ಲಿ ಕೇಳಿದ ಪಥ್ಯವನ್ನು ಇನ್ನೊಂದು ಮನೆಯವರು ಹಾಗೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಸಕ್ಕರೆ ಕಾಯಿಲೆಯ ಬಗ್ಗೆ ಒಂದೇ ಮಾತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಅದು ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು, ಕಿಡ್ನಿ ಸೋಲುವುದಕ್ಕೆ ಬಹುದೊಡ್ಡ ಕಾರಣವೂ ಅದೇ. ರಾಗಿ ಉಂಡರೆ ಶುಗರ್ ಏರುವುದಿಲ್ಲ ಎಂದು ನಂಬಿ ಎರಡು ದಪ್ಪ ಮುದ್ದೆ ಉಣ್ಣುವವರನ್ನು ನಾನು ನೋಡಿದ್ದೇನೆ. ರಾಗಿಯಲ್ಲಿಯೂ ಮೂರನೇ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದಪ್ಪ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆ ಅರ್ಧವಾಗಿ ಪಲ್ಯ ದುಪ್ಪಟ್ಟಾಗಬೇಕು, ಕಿಡ್ನಿ ಚೆನ್ನಾಗಿರುವವರಿಗೆ ಹುರುಳಿಕಾಳು ಧಾರಾಳವಾಗಿ ಇರಲಿ.

ನನ್ನನ್ನು ಹೆಚ್ಚು ಕಾಡುವ ತಪ್ಪು ತಿಳಿವಳಿಕೆ ಮೊಟ್ಟೆ, ಮೀನು, ಬೇಳೆಯದು. ಡಯಾಲಿಸಿಸ್‌ಗೆ ಮುಂಚೆ ಪ್ರೊಟೀನು ಕಡಿಮೆ ಮಾಡಿ ಎನ್ನುತ್ತಾರೆ, ಕೆ.ಜಿ. ತೂಕಕ್ಕೆ ಸುಮಾರು 0.6ರಿಂದ 0.8 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಪ್ರತಿ ಸಲ ರಕ್ತ ಸೋಸುವಾಗ ಪ್ರೊಟೀನಿನ ಅಂಶವೂ ಹೊರಟುಹೋಗುವುದರಿಂದ 1ರಿಂದ 1.2 ಗ್ರಾಂ ಬೇಕಾಗುತ್ತದೆ, ಐವತ್ತು ಕೆ.ಜಿ. ತೂಗುವವರಿಗೆ ದಿನಕ್ಕೆ 50ರಿಂದ 60 ಗ್ರಾಂ. ಆದರೆ ಮನೆಯವರು ಹಳೆಯ ಚೀಟಿಯನ್ನೇ ನಂಬಿ ಬಾಡು, ಮೊಟ್ಟೆ ಮುಟ್ಟಿಸುವುದಿಲ್ಲ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಬಡವರಿಗೂ ಉಚಿತವಾಗಿ ರಕ್ತ ಸೋಸುವ ದಾರಿ ತೆರೆಯಿತು. ಯಂತ್ರ ಬಿಟ್ಟಿಯಾಗಿ ಸಿಕ್ಕಿದರೂ ತೋಳು ತೊಡೆ ಸೊರಗಿ ಮನುಷ್ಯ ಕಡ್ಡಿಯಾಗುವುದು ಮೊಟ್ಟೆ ಕೊಡದ ಊಟದಿಂದ. ಮೊಟ್ಟೆಯ ಬಿಳಿಯಲ್ಲಿ ರಂಜಕ ತೀರ ಕಡಿಮೆ, ಎರಡು ಬಿಳಿ ತಿಂದರೆ ಏಳು ಗ್ರಾಂನಷ್ಟು ಪ್ರೊಟೀನು. ಮಹದೇಶ್ವರನ, ಅಂದರೆ ಮಾದಪ್ಪನ ಒಕ್ಕಲು ಸೋಮವಾರ ಮೊಟ್ಟೆ, ಬಾಡು ಮುಟ್ಟುವುದಿಲ್ಲ. ಅಂಥವರು ಆ ದಿನದ ಪಾಲನ್ನು ಮೊಸರು, ಬಸಿದ ಬೇಳೆಯಿಂದ ಎಷ್ಟು ತುಂಬಿಕೊಳ್ಳಬಹುದು ಎಂದು ಡಯಾಲಿಸಿಸ್ ಘಟಕದಲ್ಲಿ ಕೇಳಿಕೊಳ್ಳಬೇಕು. ದೇವರನ್ನೂ ಬಿಡಬೇಕಾಗಿಲ್ಲ, ಮೈಯನ್ನೂ ಬಿಡಬೇಕಾಗಿಲ್ಲ.

ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಿಷೆ ಕೌದಳ್ಳಿಯ ಮೇಲೇ ಸಾಗುತ್ತದೆ. ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಬಾತು, ಪಾಯಸ ಹಂಚುವವರು ನಿಂತಿರುತ್ತಾರೆ. ಬೇಡ ಎಂದರೆ ಮಾದಪ್ಪನ ಪ್ರಸಾದವನ್ನೇ ಬೇಡವೆಂದಂತೆ ಎಂದು ರೋಗಿಗಳು ಹೆದರುತ್ತಾರೆ. ಕಣ್ಣಿಗೆ ಒತ್ತಿಕೊಂಡು ಒಂದು ಅಗುಳು ಬಾಯಿಗೆ ಹಾಕಿ ಉಳಿದದ್ದನ್ನು ಪಕ್ಕದವರಿಗೆ ಕೊಟ್ಟರೆ ಯಾವ ಲೋಪವೂ ಇಲ್ಲ ಎಂದು ಹಿರಿಯರೇ ಹೇಳಿಕೊಡಬೇಕು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ನಡೆಯುವವರ ಮಾತು ಬೇರೆ. ತಲೆ ತಿರುಗಿ ಬೆವರು ಕಿತ್ತುಬಂದರೆ ಅದೇ ಪಾನಕ ಅವರಿಗೆ ಔಷಧಿ.

ಹೆಚ್ಚು ಕೆಡುಕಾಗುವುದು ನೆಂಟರ ಪ್ರೀತಿಯಿಂದ. ಮಲಗಿದವರನ್ನು ನೋಡಲು ಬರುವವರು ಎಳನೀರು, ಬಾಳೆಹಣ್ಣು, ಮೂಸಂಬಿ ಹಿಡಿದು ಬರುತ್ತಾರೆ. ತೆಂಗು, ಬಾಳೆ ಬೆಳೆಯುವ ಸೀಮೆಯಲ್ಲಿ ಅದೇ ಉಪಚಾರ. ಒಂದು ಎಳನೀರಿನಲ್ಲಿ ಪೊಟ್ಯಾಸಿಯಂ ನೂರಾರು ಮಿಲಿಗ್ರಾಂ. ಎದುರಿಗೆ ಕೂತು 'ಒಂದ್ಗುಟುಕು ಕುಡಿಯವ್ವ' ಎಂದು ಕೊಡುವಾಗ ಬೇಡ ಎನ್ನಲು ರೋಗಿಗೆ ಬಾಯಿ ಬರುವುದಿಲ್ಲ. ಕಮರಾಕ್ಷಿ ಹಣ್ಣಂತೂ ಕಿಡ್ನಿ ಸೋತವರ ಮಿದುಳನ್ನೇ ಕೆಡಿಸುವ ವಿಷ, ಒಂದು ಹೋಳನ್ನೂ ಕೊಡಬಾರದು. ಕಿಡ್ನಿ ರೋಗಿಯ ಮನೆಗೆ ಹೋಗುವವರು ಎರಡು ಸೇಬು ತನ್ನಿ, ಇಲ್ಲವಾದರೆ ಹಿತ್ತಲ ಹೀರೆಕಾಯಿ, ನಾಟಿಕೋಳಿ ಮೊಟ್ಟೆ ತನ್ನಿ. ಡಯಾಲಿಸಿಸ್ ದಿನ ಬೆಳಿಗ್ಗೆ ಬಸ್ಸಿಗೆ ಜೊತೆಯಾಗಿ ಹೋಗಿ, ರಕ್ತ ಸೋಸುವ ನಾಲ್ಕು ಗಂಟೆ ಹೊರಗೆ ಕಾದು ಕೂರುವ ಸೊಸೆಗೆ ಒಂದು ದಿನ ಬಿಡುವು ಕೊಡಿ.