ಬಾಡಿಗೆಯ ಅಳತೆಗೋಲು

ಬಡವರಿಗೆ ಮನೆಯೊದಗಿಸಬೇಕೆಂದರೆ ಸರ್ಕಾರವು ಬೊಕ್ಕಸದಿಂದ ಹಣ ತೆಗೆದು ತಾನೇ ಕಟ್ಟಿಸಬಹುದು. ಇಲ್ಲವೆ ಬೊಕ್ಕಸಕ್ಕೆ ಬರತಕ್ಕ ತೆರಿಗೆಯನ್ನು ಬಿಟ್ಟುಕೊಟ್ಟು ಇತರರಿಂದ ಕಟ್ಟಿಸಬಹುದು. ಅಮೆರಿಕ ಸಂಯುಕ್ತ ಸಂಸ್ಥಾನವು 1986ರ ತೆರಿಗೆ ಸುಧಾರಣೆಯ ಕಾಯಿದೆಯಿಂದೀಚೆಗೆ ಹೆಚ್ಚಾಗಿ ಈ ಎರಡನೆಯ ದಾರಿಯನ್ನೇ ಹಿಡಿದಿದೆ.

ಅದರ ಬಗೆ ಹೀಗೆ. ಕಡಮೆ ಬಾಡಿಗೆಯ ಮನೆಗಳನ್ನು ಕಟ್ಟುವವನಿಗೆ ತೆರಿಗೆಯ ಮುಜರಾ ದೊರೆಯುತ್ತದೆ. ಎಂದರೆ, ಕೊಡಬೇಕಾದ ತೆರಿಗೆಯಲ್ಲಿ ಡಾಲರಿಗೆ ಡಾಲರಿನಂತೆ ಕಳೆದುಕೊಳ್ಳುವ ಹಕ್ಕು. ಹತ್ತು ವರ್ಷಗಳಲ್ಲಿ ಸಲ್ಲುವ ಈ ಹಕ್ಕನ್ನು ಅವನು ಮುಂಚೆಯೇ ಬ್ಯಾಂಕುಗಳಂಥ ಹಣವಂತ ಸಂಸ್ಥೆಗಳಿಗೆ ಒಪ್ಪಿಸಿ, ಬಂದ ನಗದಿನಿಂದ ಕಟ್ಟಡವನ್ನೆಬ್ಬಿಸುತ್ತಾನೆ. ಸಾಲ ಕಡಮೆಯಾದುದರಿಂದ ಕಡಮೆ ಬಾಡಿಗೆಯಲ್ಲೂ ಲೆಕ್ಕ ಸರಿಹೋಗುತ್ತದೆ. ಬಡವನ ಸೂರಿಗೂ ಬ್ಯಾಂಕಿನ ಲಾಭಕ್ಕೂ ಗಂಟುಹಾಕಿದ ಈ ಜಾಣತನವನ್ನು ಮೆಚ್ಚದಿರಲಾಗದು.

ಆದರೆ ಬೆಳೆಯುತ್ತಿರುವ ಸಣ್ಣ ಊರಿನಲ್ಲಿ ಈ ಜಾಣತನಕ್ಕೆ ಕಠಿನ ಪರೀಕ್ಷೆ. ಮೊಂಟಾನ ಸಂಸ್ಥಾನದ ಬೋಜ್‌ಮನ್ ನಗರವನ್ನು ನೋಡೋಣ. ಬ್ರಿಡ್ಜರ್ ಪರ್ವತಗಳ ಮಡಿಲಲ್ಲಿ, ಒಂದು ವಿಶ್ವವಿದ್ಯಾನಿಲಯವನ್ನು ಇರಿಸಿಕೊಂಡಿರುವ ಊರು. 2010ರ ಜನಗಣತಿಯಲ್ಲಿ 37,280 ಜನ, 2020ರಲ್ಲಿ 53,293. ಬೆಟ್ಟದ ಗಾಳಿಯನ್ನು ಬಯಸಿ ದೂರದ ನಗರಗಳ ಹಣವಂತರು ಬಂದರು. ಅವರಿಗೆ ಅಡಿಗೆ ಮಾಡುವವರು, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರು, ಅಂಗಡಿಯಲ್ಲಿ ನಿಲ್ಲುವವರು ಎಲ್ಲಿರಬೇಕು? ರಸ್ತೆಯ ಬದಿಯಲ್ಲಿ ನಿಲ್ಲಿಸಿದ ವಾಹನಗಳಲ್ಲೇ ಜನ ಸಂಸಾರ ಹೂಡತೊಡಗಿ, 2023ರಲ್ಲಿ ನಗರಾಡಳಿತವು ಅದಕ್ಕೊಂದು ಕಟ್ಟಳೆಯನ್ನೇ ಮಾಡಬೇಕಾಯಿತು. ಮುಜರಾ ಹಂಚುವುದೋ ಸಂಸ್ಥಾನದ ಗೃಹಮಂಡಲಿ. ಜನ ವಿರಳವಾದ ಮೊಂಟಾನಕ್ಕೆ ಬರುವ ಪಾಲೇ ಚಿಕ್ಕದು. ಅದಕ್ಕಾಗಿ ಬಿಲಿಂಗ್ಸ್, ಮಿಜೂಲ ಮೊದಲಾದ ಊರುಗಳೂ ಕೈಯೊಡ್ಡಿ ನಿಂತಿರುತ್ತವೆ.

ನನ್ನನ್ನು ಕಾಡಿದ ಸಂಗತಿ ಬೇರೆ. ಈ ಮನೆಗಳ ಬಾಡಿಗೆಯನ್ನು ನಿಗದಿಮಾಡುವುದು ಬಾಡಿಗೆದಾರನ ಸಂಪಾದನೆಯಲ್ಲ. ಆ ಸುತ್ತಿನ ಸಂಸಾರಗಳ ನಡುಮಟ್ಟದ ಆದಾಯ. ಅರ್ಧ ಸಂಸಾರಗಳು ಅದಕ್ಕೆ ಮೇಲೆ, ಅರ್ಧ ಕೆಳಗೆ. ಸಾಮಾನ್ಯವಾಗಿ ಅದರ ಶೇಕಡ 60ನ್ನು ಆದಾಯದ ಮಿತಿಯೆಂದು ಇಟ್ಟು, ಆ ಮಿತಿಯ ಶೇಕಡ 30ರವರೆಗೆ ಬಾಡಿಗೆ ಕೇಳಬಹುದು. ಉದಾಹರಣೆಗೆ, ನಡುಮಟ್ಟವು ವರ್ಷಕ್ಕೆ 80,000 ಡಾಲರೆಂದುಕೊಂಡರೆ ಬಾಡಿಗೆ ತಿಂಗಳಿಗೆ 1,200ರವರೆಗೆ ಹೋಗಬಹುದು. ಹಣವಂತರು ಬಂದು ನೆಲೆಸಿ ನಡುಮಟ್ಟ ಲಕ್ಷಕ್ಕೇರಿತೆನ್ನಿ. ಬಾಡಿಗೆಯೂ 1,500ಕ್ಕೆ ಏರಬಹುದು. ವರ್ಷಕ್ಕೆ 40,000 ಗಳಿಸುವ ಅಡಿಗೆಯವಳ ಸಂಬಳ ಇದ್ದಲ್ಲೇ ಇದ್ದರೆ, ಮೊದಲು ಗಳಿಕೆಯಲ್ಲಿ ನೂರಕ್ಕೆ 36 ಕೊಡುತ್ತಿದ್ದವಳು ಈಗ 45 ಕೊಡಬೇಕು. ಅವಳೇನೂ ಹೆಚ್ಚು ಬಡವಳಾಗಲಿಲ್ಲ, ನೆರೆಯವರು ಸಿರಿವಂತರಾದರು; ಅಷ್ಟರಿಂದಲೇ ಅವಳ ಬಾಡಿಗೆ ಬೆಳೆಯಿತು! ಬಾಡಿಗೆದಾರರ ಸ್ವಂತ ಆದಾಯವನ್ನೇ ನೋಡಿ ನೆರವು ಕೊಡುವ ಚೀಟಿಯ ಪದ್ಧತಿಯೂ ಆ ದೇಶದಲ್ಲಿದೆ. ಎಲ್ಲರಿಗೂ ಅದು ಸಿಕ್ಕುವುದಿಲ್ಲ.

(ನಮ್ಮ ವಿದ್ಯಾರ್ಥಿಮಿತ್ರರಿಗೆ ಒಂದು ಮಾತು: ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಈ ಮನೆಗಳಿಗೆ ಅರ್ಹರಲ್ಲ. ವಿದ್ಯಾಪೀಠವೇ ಊರಿನ ಉಸಿರಾಗಿರುವಲ್ಲಿ ಇದೂ ಒಂದು ತೊಡಕು.)

ಇದನ್ನೆಲ್ಲ ಹೇಳಿದೆನೆಂದು ವ್ಯವಸ್ಥೆಯನ್ನು ಹಳಿದೆನೆಂದು ತಿಳಿಯಬಾರದು. ಇದಿಲ್ಲದಿದ್ದರೆ ಆ ಮನೆಗಳಲ್ಲಿ ಅನೇಕವು ಏಳುತ್ತಲೇ ಇರಲಿಲ್ಲ. ಆದರೆ ಎದ್ದವು ಎಷ್ಟು ಕಾಲ ಬಡವರವಾಗಿರುತ್ತವೆ? ಶಾಸನಗಳನ್ನು ಪಾಠ ಹೇಳುವ ನನಗೆ ಇಲ್ಲಿ 'ಆಚಂದ್ರಾರ್ಕ'ವೆಂಬ ಮಾತು ನೆನಪಾಗದಿರದು. ತೆರಿಗೆ ಬಿಟ್ಟು ಭೂಮಿಯನ್ನು ದತ್ತಿ ಕೊಟ್ಟ ನಮ್ಮ ಅರಸರು ಸೂರ್ಯಚಂದ್ರರಿರುವವರೆಗೆ ಎಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಅದು ನಡೆಯಿತೋ ಬಿಟ್ಟಿತೋ, ಆಸೆಯಂತೂ ದೊಡ್ಡದು. ಅಮೆರಿಕದ ಕಾಯಿದೆ ಮೊದಲು ಕೇಳಿದ್ದು 15 ವರ್ಷ. 1989ರ ತಿದ್ದುಪಡಿಯಿಂದ 30 ವರ್ಷವಾಯಿತು. ಕ್ಯಾಲಿಫೋರ್ನಿಯದಂಥ ಕೆಲವು ಸಂಸ್ಥಾನಗಳು ತಾವಾಗಿಯೇ ಅದನ್ನು ಇನ್ನೂ ನೀಡಿಕೊಂಡಿವೆ.

ಈ 30ರಲ್ಲೂ ಒಂದು ಹಿಂಬಾಗಿಲಿದೆ. ಹಕ್ಕನ್ನು ಮೊದಲೇ ಬಿಟ್ಟುಕೊಡದ ಮಾಲೀಕನು 14 ವರ್ಷ ತುಂಬಿದ ಮೇಲೆ, ಕೊಳ್ಳುವವರನ್ನು ಹುಡುಕಿಕೊಡಿರೆಂದು ಸಂಸ್ಥಾನದ ಮಂಡಲಿಯನ್ನು ಕೇಳಬಹುದು. ಬೆಲೆ ಕಾಯಿದೆಯ ಸೂತ್ರದಂತೆ. ಅನೇಕ ಕಡೆ ಅದು ಪೇಟೆಯ ಬೆಲೆಗಿಂತಲೂ ಹೆಚ್ಚು. ಒಂದು ವರ್ಷದೊಳಗೆ ಕೊಳ್ಳುವವರು ಸಿಕ್ಕದಿದ್ದರೆ ಕಟ್ಟುಪಾಡು ಸಡಿಲುತ್ತದೆ. ಅಲ್ಲಿ ವಾಸವಾಗಿರುವವರನ್ನು ಆ ಬಳಿಕ 3 ವರ್ಷ ಕಾರಣವಿಲ್ಲದೆ ಬಿಡಿಸುವಂತಿಲ್ಲ, ಮಿತಿಮೀರಿ ಬಾಡಿಗೆ ಏರಿಸುವಂತಿಲ್ಲ. ನಾಲ್ಕನೆಯ ವರ್ಷದಿಂದ ಆ ಮನೆಗೂ ಪೇಟೆಯ ಬಾಡಿಗೆಯೇ.