ಸ್ಮಾರಕಗಳ ತೆರವು: ಕಾಯಿದೆ ಮತ್ತು ಔಚಿತ್ಯ

ಸಾರ್ವಜನಿಕ ಸ್ಥಳದ ಸ್ಮಾರಕವು ಎರಡು ಕಾರ್ಯಗಳನ್ನು ನೆರವೇರಿಸುತ್ತದೆ: ಒಂದು, ಗೌರವವನ್ನು ಸಾರುವುದು, ಇನ್ನೊಂದು, ಕಾಲಕ್ಕೆ ಸಾಕ್ಷಿಯಾಗಿ ನಿಲ್ಲುವುದು. ವಿವಾದಾಸ್ಪದ ವಿಗ್ರಹಗಳನ್ನು ತೆರವುಗೊಳಿಸುವ ಪ್ರಶ್ನೆ ಬಂದಾಗ ಈ ಭೇದವನ್ನು ಮರೆಯಲಾಗದು.

ಸಾಕ್ಷ್ಯದ ಬೆಲೆಯನ್ನು ತಿಳಿಯಲು ಲಿಂಗಸುಗೂರು–ಸಿಂಧನೂರು ಮಾರ್ಗದ ನಡುವಣ ಮಸ್ಕಿಯೇ ಸಾಕು. ಅಲ್ಲಿಯ ಬಂಡೆಯ ಮೇಲಿನ ಬ್ರಾಹ್ಮೀ ಶಾಸನವು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರಿಗೆ ಗೋಚರಿಸಿತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು; ಅಶೋಕನೆಂಬ ಹೆಸರು ಮೊದಲು ಕಂಡುದು ಇಲ್ಲಿಯೇ. ಆ ಬಂಡೆ ಮೊದಲೇ ಒಡೆದುಹೋಗಿದ್ದರೆ ಈ ಸಾಕ್ಷ್ಯವೂ ಅದರೊಡನೆ ಅಳಿಯುತ್ತಿತ್ತು.

ಗೌರವದ ಮಾತು ಬೇರೆ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಮಡಿದ ಆಂಗ್ಲರ ಸ್ಮಾರಕಸ್ತಂಭವನ್ನು ಕನ್ನಡ ಚಳವಳಿಗಾರರ ಒತ್ತಾಯದ ಬಳಿಕ 1964ರಲ್ಲಿ ಕೆಡವಲಾಯಿತು. ನಾಡನ್ನು ಗೆದ್ದವರಿಗೆ ನಾಡಿನ ನಡುವೆ ಗೌರವವೇಕೆಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಗೌರವದೊಡನೆ ಸಾಕ್ಷ್ಯವೂ ನೆಲಸಮವಾಯಿತು. 2020ರಲ್ಲಾದರೋ, ಕಮಿಷನರ್ ಮಾರ್ಕ್ ಕಬ್ಬನ್‌ರ ವಿಗ್ರಹವನ್ನು ಉಚ್ಚ ನ್ಯಾಯಾಲಯದ ಆವರಣದಿಂದ ಕಬ್ಬನ್ ಉದ್ಯಾನಕ್ಕೆ ಸಾಗಿಸಲಾಯಿತು. ಸ್ಥಾನ ಬದಲಾಯಿತು, ಶಿಲ್ಪ ಉಳಿಯಿತು.

ಕಾಯಿದೆಯೂ ಈ ವಿವೇಕಕ್ಕೆ ಪೂರಕವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ ರಾಷ್ಟ್ರೀಯ ಮಹತ್ತ್ವದ ಸಂರಕ್ಷಿತ ಸ್ಮಾರಕವನ್ನು ಹಾಳುಗೆಡಹುವುದು ಅಪರಾಧ. 2010ರ ತಿದ್ದುಪಡಿಯ ಬಳಿಕ ಅದಕ್ಕೆ 2 ವರ್ಷಗಳವರೆಗೆ ಕಾರಾಗೃಹವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಇವೆರಡೂ ವಿಧಿಸಬಹುದು. ಸಂರಕ್ಷಿತ ಪಟ್ಟಿಗೆ ಸೇರದ ವಿಗ್ರಹಗಳಿಗೆ ಈ ರಕ್ಷಣೆಯಿಲ್ಲ. ಆದರೂ ಸಾರ್ವಜನಿಕ ಸ್ವತ್ತನ್ನು ಗುಂಪುಗಟ್ಟಿ ಧ್ವಂಸಮಾಡುವುದನ್ನು 1984ರ ಅಧಿನಿಯಮವು ದಂಡಿಸುತ್ತದೆ. ಇತ್ತ 2013ರ ಜನವರಿ 18ರಂದು ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ವಿಗ್ರಹ ಸ್ಥಾಪನೆಗೆ ಅನುಮತಿ ನೀಡಕೂಡದೆಂದು ರಾಜ್ಯಗಳಿಗೆ ಆದೇಶಿಸಿತು. ಸಿಂಧನೂರಿನ ವೃತ್ತಕ್ಕಾಗಲಿ ಲಿಂಗಸುಗೂರಿನ ವೃತ್ತಕ್ಕಾಗಲಿ ಇದು ಸಮಾನವಾಗಿ ಅನ್ವಯಿಸುತ್ತದೆ.

ಆದುದರಿಂದ ನಿಲ್ಲಿಸುವುದಕ್ಕೂ ತೆಗೆಯುವುದಕ್ಕೂ ಹಗಲಿನ ವಿಚಾರಣೆ ಅವಶ್ಯ. ವಿಗ್ರಹದಿಂದ ನೊಂದವರ ಮಾತನ್ನೂ ಅದನ್ನು ಪೂಜ್ಯವೆಂದು ಬಗೆದವರ ಮಾತನ್ನೂ ಸಮಾನವಾಗಿ ಆಲಿಸಬೇಕು. ತೆರವು ಅನಿವಾರ್ಯವಾದರೆ ಛಾಯಾಚಿತ್ರ, ಅಳತೆ, ಬರಹಗಳನ್ನು ದಾಖಲಿಸಿ, ಶಿಲ್ಪವನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಅದು ಯಾವಾಗ, ಯಾವ ಕಾರಣದಿಂದ ಸ್ಥಳಾಂತರಗೊಂಡಿತೆಂಬ ಫಲಕವೂ ಜೊತೆಗಿರಬೇಕು. ಕೊಟ್ಟ ಗೌರವವನ್ನು ಒಂದು ತಲೆಮಾರು ಹಿಂತೆಗೆದುಕೊಳ್ಳಬಹುದು. ಮುಂದಿನವರ ಸಾಕ್ಷ್ಯವನ್ನು ಅಳಿಸುವ ಅಧಿಕಾರ ಅದಕ್ಕಿಲ್ಲ.